ಬೆಚ್ಚನೆಯ ಕೊಳ

"ಡೈಪರ್ ಹಾಕಿದೀರಲ್ಲ ಮಗೂಗೆ?" ಎಂದು ಈಜುಕೊಳದ ಕೌಂಟರಿನ ಹೆಂಗಸು ತಲೆ ಎತ್ತದೆಯೇ ಕೇಳಿದಾಗ ಅವನು "ಹೂಂ" ಅಂದುಬಿಟ್ಟ. ಅದು ಪ್ರಶ್ನೆ ಅನ್ನುವ ಹಾಗೂ ಇರಲಿಲ್ಲ. ಬಂದವರಿಗೆಲ್ಲ ಕೇಳಿ ಕೇಳಿ ಸವೆದುಹೋದ ಮಾತು. ಆದರೂ ಹೂಂ ಅಂದ ಮೇಲೆ ಅವನ ಕಿವಿ ಬಿಸಿಯಾಯಿತು. ಇಲ್ಲ ಅಂದಿದ್ದರೆ ಏನಾಗುತ್ತಿತ್ತು? ಅವಳು ಪಕ್ಕದ ಡಬ್ಬದಿಂದ ನೀರಿಗೆ ಹಾಕುವಂಥ ಡೈಪರೊಂದನ್ನು ತೆಗೆದುಕೊಡುತ್ತಿದ್ದಳು, ಅವನು ಅದನ್ನು ಪುಟ್ಟಿಗೆ ಹಾಕುತ್ತಿದ್ದ, ಅಷ್ಟೇ ತಾನೆ. ಹಾಗೆ ನೋಡಿದರೆ ಮನೆಯ ಕಪಾಟಿನಲ್ಲೂ ಹಳೆಯವು ಒಂದೆರಡು ಉಳಿದಿದ್ದವು. ಬೆಳಿಗ್ಗೆ ಹೆಂಡತಿ ಒಂದು ಕೈ ಗೋಡೆಗೆ ಕೊಟ್ಟು ಚಪ್ಪಲಿ ಏರಿಸಿಕೊಳ್ಳುತ್ತಾ, "ಅದೊಂದು ಚೀಲಕ್ಕೆ ಹಾಕ್ಕೋ, ಮರೀಬೇಡ" ಅಂದಿದ್ದಳು. ಅವನು ಮರೆತಿರಲಿಲ್ಲ. ಅವಳು ಹೋದ ಮೇಲೆ ಕಪಾಟು ತೆಗೆದು, ಮೀನಿನ ಚಿತ್ರವಿದ್ದ ಆ ಮೆತ್ತನೆಯ ವಸ್ತುವನ್ನು ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಮೀನಿನ ಕಣ್ಣನ್ನು ಒಮ್ಮೆ ಒತ್ತಿ, ಮತ್ತೆ ಅಲ್ಲೇ ಇಟ್ಟು ಬಾಗಿಲು ಮುಚ್ಚಿದ್ದ.

ಯಾಕೆ ಇಟ್ಟೆ ಎಂದು ಯಾರಾದರೂ ಕೇಳಿದ್ದರೆ ಅವನಲ್ಲಿ ಉತ್ತರವಿತ್ತು. ಪುಟ್ಟಿ ಡೈಪರ್ ಇಲ್ಲದೆ ಇರಲು ಕಲಿತಿದ್ದಾಳೆ, ಕಲಿತ ಮಗುವಿಗೆ ಮತ್ತೆ ಡೈಪರ್ ಹಾಕಿದರೆ ಗೊಂದಲವಾಗುತ್ತದೆ, ಇತ್ಯಾದಿ. ನಿಜವಾದ ಉತ್ತರ ಬೇರೆ ಇತ್ತು, ಅದನ್ನು ಅವನು ತನಗೆ ತಾನೂ ಹೇಳಿಕೊಂಡಿರಲಿಲ್ಲ: ಈ ವರ್ಷ ಅವನು ಕೈಗೆತ್ತಿಕೊಂಡು ಮುಗಿಸಿದ ಕೆಲಸವೆಂದರೆ ಅವಳಿಗೆ ಅದನ್ನು ಕಲಿಸಿದ್ದೊಂದೇ. ಗ್ಯಾಸ್ ಒಲೆಯ ವಾಲ್ವ್ ಮಾಡುವ ಕಾರ್ಖಾನೆಯಲ್ಲಿ ಅವನು ಸೋರಿಕೆ ನೋಡುವವನಾಗಿದ್ದ. ಗಾಜಿನ ತೊಟ್ಟಿಯ ಮುಂದೊಂದು ಸ್ಟೂಲು. ಗಾಳಿ ತುಂಬಿದ ವಾಲ್ವನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ಎಂದು ರೆಪ್ಪೆ ಬಡಿಯದೆ ನೋಡುವುದು. ಬಾರದಿದ್ದರೆ ಬಲಕ್ಕೆ, ಬಂದರೆ ಎಡಕ್ಕೆ. ಸಾಸಿವೆ ಕಾಳಿನಷ್ಟು ಗುಳ್ಳೆಯೂ ಅವನ ಕಣ್ಣು ತಪ್ಪಿಸುತ್ತಿರಲಿಲ್ಲ. ಆಮೇಲೆ ನೀರೇ ಬೇಡದ ಒಂದು ಯಂತ್ರ ಬಂತು. ತೊಟ್ಟಿಯನ್ನು ಬರಿದು ಮಾಡಿ ಗೋಡೆಗೆ ಒರಗಿಸಿಟ್ಟ ದಿನ ಮೇಲ್ವಿಚಾರಕ ಅವನ ಬೆನ್ನು ತಟ್ಟಿ, "ನಿಮ್ಮಂಥೋರಿಗೆ ಎಲ್ಲಾದ್ರೂ ಸಿಗುತ್ತೆ ಬಿಡಿ" ಅಂದ. ಎಲ್ಲೂ ಸಿಗಲಿಲ್ಲ. ಹೆಂಡತಿ ಔಷಧಿ ಅಂಗಡಿಯಲ್ಲಿ ನಿಂತೇ ದುಡಿದು ಊದಿದ ಕಾಲು ಹೊತ್ತುಕೊಂಡು ಬರುತ್ತಾಳೆ, ಒಂದು ದಿನವೂ ಒಂದು ಬಿರುಸು ಮಾತು ಆಡಿದವಳಲ್ಲ. ಆಡಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅದರ ಬದಲು ಅವಳು ಪಾತ್ರೆ ತೊಳೆದಿಟ್ಟದ್ದಕ್ಕೆ ಥ್ಯಾಂಕ್ಸ್ ಹೇಳತೊಡಗಿದ್ದಳು, ಪಕ್ಕದ ಮನೆಯವರಿಗೆ ಹೇಳುವ ಹಾಗೆ.

ಆ ದಿನಗಳಲ್ಲೇ ಒಂದು ಸಂಜೆ ಅತ್ತೆಯ ಧ್ವನಿ ಹೆಂಡತಿಯ ಫೋನಿನಿಂದ ಅಡುಗೆಮನೆಯವರೆಗೂ ಕೇಳಿಸಿತ್ತು. "ಮಗೂಗೆ ಡೈಪರ್ ಬಿಡಿಸೋದು ಅಳಿಯಂದ್ರ ಕೈಲಿ ಎಲ್ಲಿ ಆಗುತ್ತೆ? ನಾನೇ ಬಂದು ಒಂದ್ ವಾರ ಇದ್ದು ಕಲಿಸಿಕೊಡ್ತೀನಿ." ಮರುದಿನ ಅವನು ಮಗು ಕಕ್ಕಕ್ಕೆ ಕೂರುವ ಹಳದಿ ಬಣ್ಣದ ಪಾಟಿ ತಂದ. ಹೊಲಸಾಗದಿರಲೆಂದು ಚಾಪೆ ಸುತ್ತಿಟ್ಟ. ಬಚ್ಚಲುಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪಾಟಿಯ ಮೇಲೆ ಕೂತ ಮಗಳಿಗೆ ಇಲಿಯ ಕಥೆ, ಬೆಕ್ಕಿನ ಕಥೆ, ಕಥೆ ಮುಗಿದಾಗ ಕಾರ್ಖಾನೆಯ ಕಥೆ ಹೇಳಿದ. ಪುಟ್ಟಿ ಕಥೆ ಮುಗಿಯುವವರೆಗೆ ಕೂತು, ಎದ್ದು ಹೋಗಿ ಸೋಫಾದ ಹಿಂದೆ ಮಾಡುತ್ತಿದ್ದಳು. ಅವನು ಒಂದು ದಿನವೂ ಗದರಲಿಲ್ಲ. ಒರೆಸಿದ, ತೊಳೆದ, ಒಣಹಾಕಿದ. ಕೊನೆಗೊಂದು ಬೆಳಿಗ್ಗೆ ಅವಳೇ ಓಡಿಬಂದು ಅವನ ಅಂಗಿ ಜಗ್ಗಿ "ಅಪ್ಪ, ಬಂತು" ಅಂದಾಗ ಅವನು ಅವಳನ್ನೆತ್ತಿಕೊಂಡು ಬಚ್ಚಲುಮನೆಗೆ ಓಡಿದ್ದ. ತನ್ನೊಳಗೆ ಏನೋ ಆಗುತ್ತಿದೆ, ಅದು ಇನ್ನೂ ಆಗಿಲ್ಲ, ಆಗುವ ಮೊದಲೇ ಹೇಳಬಹುದು ಎಂದು ಒಂದು ಸಣ್ಣ ಜೀವಕ್ಕೆ ತಿಳಿಯುವುದು ಸಾಮಾನ್ಯದ ಮಾತೇನಲ್ಲ. ದೊಡ್ಡವರಿಗೇ ತಿಳಿಯುವುದಿಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ ನೆಲವೆಲ್ಲ ಒದ್ದೆ, ಬೆಂಚಿನ ಮೇಲೆಲ್ಲ ಯಾರ್ಯಾರದೋ ಸಣ್ಣ ಸಣ್ಣ ಸಾಕ್ಸು. ಮಕ್ಕಳಿರುವವರಿಗೆಂದೇ ಬಿಟ್ಟ ಆ ಕೋಣೆಯಲ್ಲಿ ಗಂಡಸು ಅಂತ ಇದ್ದವನು ಅವನೊಬ್ಬನೇ. ಸೊಂಟದ ಸುತ್ತ ನೆರಿಗೆಯಿದ್ದ ಕೆಂಪು ಈಜುಡುಗೆಯನ್ನು ಪುಟ್ಟಿಯ ಕಾಲಿಗೆ ಏರಿಸುತ್ತಿದ್ದಾಗ ಪಕ್ಕದಲ್ಲಿ ಅವಳಿ ಗಂಡುಮಕ್ಕಳಿಗೆ ಡೈಪರ್ ಹಾಕುತ್ತಾ ಬೆವರುತ್ತಿದ್ದ ತಾಯಿಯೊಬ್ಬಳು ಕೇಳಿದಳು, ಪಾಪು ಪಾಟಿ ಮೇಲೆ ಕೂರುತ್ತಾಳಾ ಎಂದು. ಕೂರುತ್ತಾಳೆ ಅಂದ. ಯಾರು ಕಲಿಸಿದ್ದು, ಅಮ್ಮನಾ, ಅಜ್ಜಿನಾ? "ನಾನೇ." ಆ ಹೆಂಗಸು ಕೈಯಲ್ಲಿದ್ದದ್ದನ್ನು ಬಿಟ್ಟು ಅವನನ್ನು ನೋಡಿದಳು. "ಗಂಡಸಾಗಿ ನೀವೇ ಕಲಿಸಿದ್ರಾ? ನಮ್ಮನೇಲಿ ಇವರಿಗೆ ಡೈಪರ್‌ಗೆ ಯಾವ ಕಡೆ ಮುಂದು ಯಾವ ಕಡೆ ಹಿಂದು ಅಂತಾನೂ ಗೊತ್ತಿಲ್ಲ!" ಇನ್ನಿಬ್ಬರು ತಿರುಗಿ ನೋಡಿದರು. ಅವನು ಬಗ್ಗಿ ಪುಟ್ಟಿಯ ಭುಜದ ಪಟ್ಟಿ ಸರಿಮಾಡುವ ನೆಪದಲ್ಲಿ ಮುಖ ಮರೆಸಿಕೊಂಡ. ಉಬ್ಬಿಹೋಗಿದ್ದ. ಇಷ್ಟು ತಿಂಗಳಲ್ಲಿ ಯಾರೂ ಅವನನ್ನು ಹಾಗೆ ನೋಡಿರಲಿಲ್ಲ. ಕಾರ್ಖಾನೆಯಲ್ಲಿದ್ದಾಗಲೂ ನೋಡಿರಲಿಲ್ಲ, ಆ ಮಾತು ಬೇರೆ.

"ಬಂತಾ ಪುಟ್ಟಿ?" ಎಂದು ಒಳಗೆ ಹೋಗುವ ಮೊದಲು ಕೇಳಿದ. ಅವಳು ತನ್ನ ಹೊಟ್ಟೆಯನ್ನು ಒಮ್ಮೆ ನೋಡಿಕೊಂಡು, ಯಾರನ್ನೋ ವಿಚಾರಿಸಿ ಹೇಳುವವಳ ಹಾಗೆ "ಬಂದಿಲ್ಲ" ಅಂದಳು.

ದೊಡ್ಡ ಕೊಳದ ಆಚೆ, ಗಾಜಿನ ಗೋಡೆಯ ಈಚೆ ಚಿಕ್ಕದೊಂದು ಕೊಳ. ನೀರು ಬೆಚ್ಚಗೆ, ಪುಟ್ಟಿಗೆ ಎದೆಮಟ್ಟ, ಅವನಿಗೆ ತೊಡೆಮಟ್ಟ. ಚಿಕ್ಕ ಮಕ್ಕಳಿಗೆ, ಆಮೇಲೆ ಡಾಕ್ಟರು ನೀರಿನಲ್ಲಿ ನಡೆಯಲು ಹೇಳಿದವರಿಗೆ ಎಂದು ಮಾಡಿದ್ದು. ಆ ದಿನ ಡಾಕ್ಟರು ಹೇಳಿದವರ ಕಡೆಯಿಂದ ಬಂದವಳು ಒಬ್ಬಳೇ: ನೀಲಿ ರಬ್ಬರ್ ಟೋಪಿಯ ಅಜ್ಜಿ. ಮೊಣಕಾಲಿನವರೆಗಿನ ಸಡಿಲ ಚಡ್ಡಿ, ಮೇಲೊಂದು ಕಪ್ಪು ಬನಿಯನ್. ಕಂಬಿ ಹಿಡಿದುಕೊಂಡು ಆ ತುದಿಯಿಂದ ಈ ತುದಿಗೆ, ತಿರುಗಿ ಆ ತುದಿಗೆ, ದಾರಿಗೆ ಸಿಕ್ಕ ಮಕ್ಕಳ ತಲೆ ಮುಟ್ಟುತ್ತಾ ನಡೆಯುತ್ತಿದ್ದಳು. ಅವಳ ಮಗಳು ಬಟ್ಟೆ ಬದಲಿಸದೆ ದಡದ ಬೆಂಚಿನಲ್ಲಿ ಕೂತು ಫೋನು ನೋಡುತ್ತಿದ್ದಳು, ಪಕ್ಕದಲ್ಲಿ ಅಜ್ಜಿಯ ಊರುಗೋಲು. "ಇಲ್ಲಿ ನಂಗೆ ಅದು ಬೇಡ ನೋಡಿ," ಅಂದಳು ಅಜ್ಜಿ ಅವನಿಗೆ, ಕೋಲಿನ ಕಡೆ ಗದ್ದದಿಂದಲೇ ತೋರಿಸಿ. "ಹೊರಗಡೆ ಮುದುಕಿ, ಒಳಗಡೆ ಹುಡುಗಿ. ವಾರವೆಲ್ಲಾ ಇದಕ್ಕೇ ಕಾಯ್ತಿರ್ತೀನಿ." ನಂತರ ಗುಟ್ಟು ಹೇಳುವವಳ ಹಾಗೆ ಕಂಬಿಯಿಂದ ಕೈ ಬಿಟ್ಟು, ಎರಡೂ ಕೈ ಅಗಲಿಸಿ, ಬೆಂಬಲವಿಲ್ಲದೆ ನಾಲ್ಕು ಹೆಜ್ಜೆ ನಡೆದು ತೋರಿಸಿದಳು. ಪುಟ್ಟಿ ಬಾಯಿ ಬಿಟ್ಟುಕೊಂಡು ನೋಡಿದಳು. ತಾನೂ ಹಾಗೇ ಕೈ ಅಗಲಿಸಿ ಅಜ್ಜಿಯ ಹಿಂದೆ ನಡೆದಳು. ಅವನು ನಕ್ಕ. ಹಾಗೆ ನೋಡಿದರೆ ಆ ಹೊತ್ತು ಅವನು ಸುಖವಾಗಿದ್ದ, ಮತ್ತು ಸುಖವಾಗಿದ್ದೇನೆ ಎಂದು ಗೊತ್ತಾದ ಕೂಡಲೇ ಎಂದಿನಂತೆ ಹೆದರಿಕೆ ಹುಟ್ಟಿತು.

ಅವಳಿಗಳ ತಾಯಿ ಒಂದೊಂದು ತೋಳಿಗೆ ಒಂದೊಂದು ಮಗು ನೇತುಹಾಕಿಕೊಂಡು ಅವನ ಕಡೆ ಬಂದಳು. "ಹೇಳಿ ಸರ್, ಹೇಗೆ ಮಾಡಿದ್ರಿ? ನಾನು ಎಲ್ಲಾ ನೋಡಿದೆ. ಚಾಕಲೇಟ್ ಕೊಟ್ಟೆ, ಬೈದೆ, ಅತ್ತೂ ಬಿಟ್ಟೆ." ಇನ್ನೊಬ್ಬಳು ತಾಯಿಯೂ ಹತ್ತಿರ ಸರಿದಳು. ಅವನು ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಮುಖ್ಯವಾದ್ದು ತಾಳ್ಮೆ ಅಂದ. ಮಗು ಮೇಲೆ ನಮ್ಮ ಅವಸರ ಹೇರಬಾರದು ಅಂದ. ಅದು ಹೇಳಿದ ಕ್ಷಣ, ಕೈಲಿದ್ದದ್ದನ್ನು ಬಿಟ್ಟು ಅದರ ಮಾತು ಕೇಳಬೇಕು, ಮಗುಗೆ ನಂಬಿಕೆ ಬರೋದೇ ಅದರಿಂದ ಅಂದ. ಹೇಳುತ್ತಾ ಹೇಳುತ್ತಾ ತನ್ನ ಧ್ವನಿ ಮೇಲ್ವಿಚಾರಕನ ಧ್ವನಿಯ ಹಾಗೆ ದಪ್ಪಗಾದದ್ದು ಅವನಿಗೇ ಕೇಳಿಸಿತು. ಆ ನಡುವೆ ತೊಡೆಯ ಹತ್ತಿರ ಏನೋ ಜಗ್ಗಿತು. "ಅಪ್ಪ, ಬಂತು." ಅವನು ಕೆಳಗೆ ನೋಡದೆ ಅವಳ ತಲೆಯ ಮೇಲೆ ಕೈಯಿಟ್ಟು "ಒಂದ್ನಿಮಿಷ ಪುಟ್ಟಿ" ಅಂದ. ಅವಳಿಗಳ ತಾಯಿ ಏನೋ ಕೇಳಿದಳು, ಅವನು ಏನೋ ಹೇಳಿದ. "ಅಪ್ಪ, ಬಂತು ಬಂತು." "ಹೂಂ ಹೂಂ, ತಡಿ." ನಿಜವಾಗಿ ಕೇಳಿಸಿರಲಿಲ್ಲವೇ? ಆಮೇಲೆ ಬಸ್ಸಿಗೆ ಕಾಯುತ್ತಾ ಅವನು ಇದನ್ನು ತಿರುಗಿಸಿ ತಿರುಗಿಸಿ ನೋಡಿದ. ಕೇಳಿಸಿತ್ತು. ಮಾತೂ ಕೇಳಿಸಿತ್ತು, ಅದರ ಅರ್ಥವೂ ತಿಳಿದಿತ್ತು. ಇಬ್ಬರು ಹೆಂಗಸರು ತನ್ನ ಬಾಯಿಯನ್ನೇ ನೋಡುತ್ತಿದ್ದ ಆ ಅರೆನಿಮಿಷವನ್ನು ಬಿಟ್ಟುಕೊಡಲು ಮನಸ್ಸಾಗಿರಲಿಲ್ಲ, ಅಷ್ಟೇ.

ತಿರುಗಿ ನೋಡಿದಾಗ ಪುಟ್ಟಿ ಅವನಿಂದ ಸ್ವಲ್ಪ ದೂರ, ಮೆಟ್ಟಿಲ ಹತ್ತಿರ, ಮೊಣಕಾಲು ಬಗ್ಗಿಸಿ ನಿಂತಿದ್ದಳು. ಕಣ್ಣು ಎಲ್ಲೋ. ಆ ನೋಟ ಅವನಿಗೆ ಗೊತ್ತಿತ್ತು. ಸೋಫಾದ ಹಿಂದಿನಿಂದ ಅದೆಷ್ಟೋ ಸಲ ಅವನನ್ನು ಹಾಗೆ ನೋಡಿದ್ದಳು, ನೋಡಿಯೂ ನೋಡದ ಹಾಗೆ. ಕೆಂಪು ನೆರಿಗೆಯ ಅಂಚಿನಿಂದ ನಾಲ್ಕೈದು ಗುಳ್ಳೆಗಳು ಮೇಲಕ್ಕೆ ಬಂದು ಒಡೆದವು. ಅವನ ಕಣ್ಣು ಅವನ್ನು ಹಿಡಿಯಿತು, ಅದು ಹಿಡಿಯದೆ ಇರಲಾರದು. ಈಗಲೂ ಎತ್ತಿಕೊಂಡು ಓಡಬಹುದಿತ್ತು. ಅವನು ಕತ್ತು ಹೊರಳಿಸಿ ಗಾಜಿನ ಗೋಡೆಯನ್ನು ನೋಡಿದ. ಆಚೆ ದೊಡ್ಡ ಕೊಳದಲ್ಲಿ ಯಾರೋ ನೀರಿಗೆ ಹಾರಿದರು, ಇಲ್ಲಿಗೆ ಸದ್ದು ಬರಲಿಲ್ಲ. ತಾನು ನೋಡದಿದ್ದರೆ ಅದು ಆಗದೆ ಇರಬಹುದು ಎಂದು ಯೋಚಿಸಿದ ಅಂತಲ್ಲ. ಯೋಚನೆ ಅನ್ನುವಂಥದ್ದು ಏನೂ ಇರಲಿಲ್ಲ ಅವನಲ್ಲಿ. ಆಗ ಚಪ್ಪಾಳೆ ಕೇಳಿಸಿತು. ಒದ್ದೆ ಕೈಗಳ ಸಣ್ಣ ಚಪ್ಪಾಳೆ. ಮನೆಯಲ್ಲಿ ಪಾಟಿಗೆ ಬಿದ್ದಾಗಲೆಲ್ಲ ಅವನು ಚಪ್ಪಾಳೆ ತಟ್ಟುತ್ತಿದ್ದ, ಅವಳೂ ತಟ್ಟುತ್ತಿದ್ದಳು, ಆಮೇಲೆ ಔಷಧಿ ಅಂಗಡಿಗೆ ಫೋನು ಹೋಗುತ್ತಿತ್ತು, ಗಿರಾಕಿಗಳ ನಡುವಿನಿಂದ ಹೆಂಡತಿಯೂ ಫೋನನ್ನು ಕಿವಿಗೂ ಹೆಗಲಿಗೂ ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟುತ್ತಿದ್ದಳು. ಅದು ಆ ಮನೆಯ ಸಂಭ್ರಮ. ಈಗ ಪುಟ್ಟಿ ಎದೆಮಟ್ಟದ ನೀರಿನಲ್ಲಿ ನಿಂತು, ಅವನ ಮುಖ ನೋಡುತ್ತಾ, ನಗುತ್ತಾ, ಅವನ ಪಾಲಿನ ಚಪ್ಪಾಳೆಗೆ ಕಾಯುತ್ತಿದ್ದಳು.

ಅವನು ಹೋಗಿ ಅವಳ ಎರಡೂ ಕೈ ಹಿಡಿದುಕೊಂಡ. ಆಟವಾಡಿಸುವವನ ಹಾಗೆ ಕೈಗಳನ್ನು ಅತ್ತ ಇತ್ತ ತೂಗಿದ, ಅವು ಮತ್ತೆ ಒಂದನ್ನೊಂದು ಮುಟ್ಟದ ಹಾಗೆ. "ಚಪ್ಪಾಳೆ," ಅಂದಳು ಪುಟ್ಟಿ. "ಶ್," ಅಂದ ಅವನು.

ಅದು ನೆರಿಗೆಯಿಂದ ಜಾರಿ, ಬೆಚ್ಚನೆಯ ನೀರು ಮೆಲ್ಲಗೆ ಸುತ್ತುವ ದಿಕ್ಕಿನಲ್ಲಿ, ಯಾವ ಅವಸರವೂ ಇಲ್ಲದೆ ಕಂಬಿಯ ಕಡೆ ಹೋಯಿತು. ಅವಳಿಗಳ ತಾಯಿ ಕಿರುಚಿದಳು. ಕೊಳದ ಕಾವಲುಗಾರ ವಿಶಲ್ ಊದಿದ. ಡೊಳ್ಳುಹೊಟ್ಟೆಯ, ನಿಧಾನ ಸ್ವಭಾವದ ಆ ಮನುಷ್ಯ, "ಎಲ್ಲಾ ಹೊರಗೆ ಬನ್ನಿ, ಗಾಬರಿ ಬೇಡ" ಎಂದು ಬಲೆಯ ಕೋಲು ತಂದ. ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು ತಾಯಂದಿರು ದಡ ಹತ್ತಿದರು. ದಡದಲ್ಲಿ ಒಬ್ಬೊಬ್ಬಳೂ ತನ್ನ ಮಗುವಿನ ಹಿಂಭಾಗ ಒತ್ತಿ ನೋಡಿ, ಎಲ್ಲರಿಗೂ ಕೇಳುವ ಹಾಗೆ, ನಮ್ಮದಲ್ಲ, ನಮ್ಮದಕ್ಕೆ ಡೈಪರ್ ಹಾಕಿದೆ ಎಂದಳು. "ಸರ್, ನಿಮ್ಮ ಪಾಪು?" ಎಂದ ಕಾವಲುಗಾರ. ಪುಟ್ಟಿ ಅವನ ತೋಳಿನಲ್ಲಿ ಭಾರವಾಗಿದ್ದಳು, ಅವನ ಅಂಗೈ ಕೆಂಪು ನೆರಿಗೆಯ ಕೆಳಗೆ ಭದ್ರವಾಗಿ ಮುಚ್ಚಿತ್ತು. ಅಲ್ಲಿ ಇದ್ದದ್ದು ಅಂಗೈಗೆ ಗೊತ್ತಾಗುತ್ತಿತ್ತು. "ಹಾಕಿದೀನಿ," ಅಂದ. ಸದ್ದು ಕೇಳಿ ಬಾಗಿಲಿಗೆ ಬಂದಿದ್ದ ಕೌಂಟರಿನ ಹೆಂಗಸು, "ಹೂಂ, ಅವರು ಹಾಕಿದಾರೆ. ನಾನೇ ಕೇಳಿ ಒಳಗೆ ಬಿಟ್ಟಿದ್ದು" ಎಂದಳು. ಅವನ ಸುಳ್ಳಿಗೆ ಸಾಕ್ಷಿ ತಾನಾಗಿ ಬಂದು ನಿಂತಿತ್ತು. "ಅವರ ಮಗು ಅಲ್ಲ ಬಿಡಿ, ಅದು ಪೂರ್ತಿ ಕಲ್ತಿದೆ," ಎಂದು ಅವಳಿಗಳ ತಾಯಿಯೂ ಸೇರಿಸಿದಳು.

ಕೊಳದಲ್ಲಿ ಇನ್ನೂ ಉಳಿದಿದ್ದವಳು ಅಜ್ಜಿಯೊಬ್ಬಳೇ, ಬೇಗ ಹತ್ತಲಾರದೆ ಕಂಬಿ ಹಿಡಿದು ಮೆಟ್ಟಿಲ ಕಡೆ ಬರುತ್ತಿದ್ದಳು, ಅದು ಅವಳ ಪಕ್ಕದಲ್ಲೇ ತೇಲುತ್ತಿತ್ತು. ಒಬ್ಬರ ಕಣ್ಣು ಅತ್ತ ಹೋಯಿತು, ಆಮೇಲೆ ಇನ್ನೊಬ್ಬರದು. ಕಾವಲುಗಾರ ಕಣ್ಣು ತಗ್ಗಿಸಿ, "ನಿಧಾನಕ್ಕೆ ಬನ್ನಿ ಅಜ್ಜಿ, ಆಗುತ್ತೆ ಒಂದೊಂದ್ಸಲ" ಅಂದ. ಅವನ ಒಳ್ಳೆಯತನದಿಂದಲೇ ಅಜ್ಜಿಗೆ ವಿಷಯ ಅರ್ಥವಾದದ್ದು. ಅವಳು ನಿಂತಳು. "ನಾನಾ?" ಎಂದಳು. ಬೆಂಚಿನಿಂದ ಮಗಳು ಎದ್ದಿದ್ದಳು, ಮುಖ ಸುಟ್ಟವರ ಹಾಗೆ ಕೆಂಪಾಗಿತ್ತು. "ಅಮ್ಮಾ, ಮತ್ತೇನಾ?" ಅಜ್ಜಿ ನೀರೊಳಗೆ ಕೈಬಿಟ್ಟು ತನ್ನ ಚಡ್ಡಿಯ ಹಿಂದೆ ತಡವಿಕೊಂಡಳು, ಎಲ್ಲರೂ ನೋಡುತ್ತಿದ್ದಂತೆಯೇ. "ನಂಗೇನೂ ಅನ್ನಿಸ್ಲಿಲ್ಲ ಕಣೆ." "ನಿಂಗೆ ಯಾವಾಗ ಅನ್ನಿಸುತ್ತೆ? ಮೊನ್ನೆ ಹಾಸಿಗೇಲೂ ಇದೇ ಹೇಳ್ದೆ. ಬೇಡ ಬೇಡ ಅಂದ್ರೂ ಕೇಳದೆ ಬರ್ತೀಯ." ಅಜ್ಜಿ ದಡದಲ್ಲಿದ್ದ ತಾಯಂದಿರ ಕಡೆ ತಿರುಗಿ ಕೈಮುಗಿದಳು. "ತಪ್ಪಾಯ್ತಮ್ಮ. ಗೊತ್ತಾಗ್ಲಿಲ್ಲ. ಮಕ್ಕಳಿರೋ ಕಡೆ ಹೀಗಾಯ್ತು." ಕೈಮುಗಿಯಲು ಕಂಬಿ ಬಿಟ್ಟಿದ್ದಳು, ಮೈ ತೂಗಿತು, ಕಾವಲುಗಾರ ನೀರಿಗಿಳಿದು ಹಿಡಿದುಕೊಂಡ.

ಒಂದು ಮಾತು. ನಮ್ಮ ಮಗಳದು. ಎರಡೇ ಪದ, ಅವು ಅವನ ನಾಲಿಗೆಯ ಮೇಲೆ ಬಂದು ಕೂತವು ಕೂಡ. ಅವನು ಅಂಗೈಯನ್ನು ಇನ್ನಷ್ಟು ಬಿಗಿ ಮಾಡಿ ಗಂಡಸರ ಶವರ್ ಕಡೆ ನಡೆದ.

ಬಾಗಿಲ ಚಿಲಕ ಹಾಕಿ ನೀರು ಬಿಟ್ಟ. ಕೆಂಪು ಈಜುಡುಗೆಯನ್ನು ಮಗಚಿ ತೊಳೆದ. ಉಳಿದದ್ದು ಕರಗಿ, ಹಳದಿಯಾಗಿ, ಅವನ ಕಾಲ್ಬೆರಳುಗಳ ಸುತ್ತ ಒಂದು ಸುತ್ತು ಹಾಕಿ ಮೋರಿಯ ಜಾಲರಿಯೊಳಗೆ ಇಳಿಯಿತು. ಎಷ್ಟು ಬೇಗ ಸ್ವಚ್ಛವಾಗಿಬಿಡುತ್ತದೆ ಎಂದು ಅವನಿಗೆ ಹೇಸಿಗೆಯಾಯಿತು. "ಕಕ್ಕ ಬಂತು," ಎಂದಳು ಪುಟ್ಟಿ, ಅವನ ಕತ್ತು ಹಿಡಿದುಕೊಂಡು. "ನಾನು ಹೇಳ್ದೆ. ಅಪ್ಪ ಬಂತು ಅಂದೆ." ಹೌದು, ಹೇಳಿದಳು. ಕಲಿಸಿದ್ದನ್ನು ಒಂದಕ್ಷರ ತಪ್ಪದೆ ಮಾಡಿದ್ದಳು. ಸೋರಿದ್ದು ಅವಳಲ್ಲ. ಅವನು ಸಾಬೂನು ಹಚ್ಚಿದ, ತೊಳೆದ, ಮತ್ತೆ ಹಚ್ಚಿದ, ಮಗುವಿನ ಚರ್ಮ ಕೆಂಪಾಗುವವರೆಗೆ. "ಸಾಕು ಅಪ್ಪ," ಎಂದು ಅವಳು ಅಳಲು ಶುರುಮಾಡಿದಾಗ ನಿಲ್ಲಿಸಿ, ತಣ್ಣನೆಯ ಹಂಚಿನ ಗೋಡೆಗೆ ಹಣೆ ಕೊಟ್ಟು ನಿಂತ. ಹೋಗಿ ಹೇಳುತ್ತೇನೆ ಎಂದುಕೊಂಡ. ಬಟ್ಟೆ ಹಾಕಿಕೊಂಡು ಹೋಗಿ ಹೇಳುತ್ತೇನೆ. ಬಟ್ಟೆ ಹಾಕಿಕೊಂಡ ಮೇಲೆ ಮನುಷ್ಯನಿಗೆ ಸ್ವಲ್ಪ ಧೈರ್ಯ ಬರುತ್ತದೆ.

ಅಜ್ಜಿ ಹೊರಗಿನ ಹಜಾರದ ಬೆಂಚಿನಲ್ಲಿ, ಒಣ ಬಟ್ಟೆಯ ಮೇಲೆ ಟವೆಲು ಹೊದ್ದು, ಕೋಲನ್ನು ಎರಡು ಮಂಡಿಗಳ ನಡುವೆ ನಿಲ್ಲಿಸಿಕೊಂಡು ಕೂತಿದ್ದಳು. ಟೋಪಿ ತೆಗೆದಿದ್ದಳು, ಒಳಗೆ ಕೂದಲೇ ಇರಲಿಲ್ಲ ಅನ್ನುವಷ್ಟು ಕಡಿಮೆ. ಎದುರಿನ ಆಫೀಸಿನ ಬಾಗಿಲು ಅರ್ಧ ತೆರೆದಿತ್ತು, ಒಳಗೆ ಮ್ಯಾನೇಜರು ಮಗಳಿಗೆ ಮೆತ್ತಗೆ ಹೇಳುತ್ತಿದ್ದದ್ದು ಪೂರ್ತಿ ಕೇಳಿಸುತ್ತಿತ್ತು. "ತಪ್ಪು ತಿಳ್ಕೋಬೇಡಿ ಮೇಡಂ. ಮಕ್ಕಳ ತಾಯಂದಿರು ಒಪ್ಪಲ್ಲ. ಇನ್ಮೇಲೆ ಇಲ್ಲಿಗೆ ಕರ್ಕೊಂಡ್ ಬರೋದು ಬೇಡ, ದಯವಿಟ್ಟು." ಮಗಳು, ಇಲ್ಲ ಇಲ್ಲ, ಇನ್ನು ತರುವುದಿಲ್ಲ ಎನ್ನುತ್ತಿದ್ದಳು. ತರುವುದಿಲ್ಲ ಎಂದೇ ಅಂದಳು, ಸಾಮಾನಿಗೆ ಅನ್ನುವ ಹಾಗೆ. ಅವನು ಪುಟ್ಟಿಯನ್ನು ಎತ್ತಿಕೊಂಡು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ.

"ಅಜ್ಜಿ," ಎಂದ.

"ಬಾಪ್ಪ," ಎಂದು ಅವಳು ಜಾಗವಿದ್ದರೂ ಸ್ವಲ್ಪ ಸರಿದಳು. "ಪಾಪುಗೆ ಚೆನ್ನಾಗಿ ಸ್ನಾನ ಮಾಡಿಸಿದ್ಯಾ? ಏನೂ ಹತ್ತಿಲ್ಲ ತಾನೆ ಮಗೂಗೆ?"

"ಇಲ್ಲ."

"ನೀನು ಹೊಟ್ಟೇಗೆ ಹಾಕ್ಕೋಬೇಕು. ನಂಗೆ ನಿಜವಾಗ್ಲೂ ಗೊತ್ತಾಗ್ಲಿಲ್ಲ. ಮೊದಲೆಲ್ಲ ಹೀಗಿರ್ಲಿಲ್ಲ ನೋಡು. ಮನೆ, ಮಕ್ಕಳು, ಆಫೀಸು, ಎಲ್ಲಾ ನಡೆಸಿದೋಳು ನಾನು. ಈಗ ಮೈಯೇ ನನ್ನ ಮಾತು ಕೇಳಲ್ಲ ಅಂದ್ರೆ..." ಅವಳು ಕೋಲಿನ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜಿದಳು. "ಕೇಳದೆ ಇದ್ರೆ ಹೋಗ್ಲಿ, ಹೇಳಾದ್ರೂ ಹೇಳ್ಬೇಕಲ್ಲ?"

ಅವನು ಹೇಳಲು ಹೊರಟಿದ್ದ. ಇದನ್ನು ಅವನ ಪರವಾಗಿ ಒಪ್ಪಿಕೊಳ್ಳಬೇಕು, ತುಟಿ ಬಿಚ್ಚಿತ್ತು. ಅಷ್ಟರಲ್ಲಿ ಆಫೀಸಿನಿಂದ ಮಗಳೂ ಮ್ಯಾನೇಜರೂ ಹೊರಬಂದರು. ಬಟ್ಟೆ ಬದಲಿಸುವ ಕೋಣೆಯ ಕಡೆಯಿಂದ ಅವಳಿಗಳ ತಾಯಿ ತಳ್ಳುಗಾಡಿ ತಳ್ಳಿಕೊಂಡು ಬಂದಳು. ಅವನು ಮಾತನ್ನು ನುಂಗಿ, ಅವರು ದಾಟಿಹೋಗಲಿ ಎಂದು ಕಾದ. ಅವರು ದಾಟಿಹೋಗುವ ಮೊದಲೇ ಪುಟ್ಟಿ ಅವನ ತೊಡೆಯಿಂದ ಮುಂದಕ್ಕೆ ಬಾಗಿ ಅಜ್ಜಿಯ ಮಂಡಿಯ ಮೇಲೆ ಕೈಯಿಟ್ಟಳು.

"ಅಜ್ಜಿ, ನಾನು ಕಕ್ಕ ಮಾಡ್ದೆ. ನೀರಲ್ಲಿ."

ಹಜಾರದಲ್ಲಿ ಎಲ್ಲರಿಗೂ ಕೇಳಿಸಿತು. ಪುಟ್ಟಿ ಯಾವಾಗಲೂ ಸ್ಪಷ್ಟವಾಗಿಯೇ ಮಾತಾಡುತ್ತಾಳೆ, ಅದನ್ನೂ ಅವನೇ ಕಲಿಸಿದ್ದ. ಅಜ್ಜಿ ತಲೆ ಎತ್ತಿದಳು. ಅವಳ ಮುಖದಲ್ಲಿ ಏನೋ ಹೊತ್ತಿಕೊಂಡಿತು, ಅವನು ಅದನ್ನು ತೀರಾ ಹತ್ತಿರದಿಂದ ನೋಡಿದ. ಕಣ್ಣು ಅಗಲವಾದವು, ಕುಸಿದಿದ್ದ ಬೆನ್ನು ನೆಟ್ಟಗಾಯಿತು, ಕೋಲಿನ ಮೇಲಿನ ಕೈ ಸಡಿಲವಾಯಿತು. ಹಾಗಾದರೆ ನಾನಲ್ಲವೇ ಎಂದು ಆ ಮುಖ ಕೇಳುತ್ತಿತ್ತು, ಮಗುವನ್ನಲ್ಲ, ಅವನನ್ನು. "ಏನಪ್ಪಾ ಇದು? ಪಾಪು ಏನೋ ಹೇಳ್ತಿದೆ?" ಮಗಳು ನಿಂತಳು. ಮ್ಯಾನೇಜರು ನಿಂತ. ಅವಳಿಗಳ ತಾಯಿ ತಳ್ಳುಗಾಡಿಯ ಹಿಡಿ ಹಿಡಿದುಕೊಂಡು, ಇನ್ನೂ ಆ ಮೆಚ್ಚುಗೆಯ ಕಣ್ಣಿನಿಂದಲೇ ಅವನ ಕಡೆ ನೋಡುತ್ತಿದ್ದಳು.

ಅವನು ನಕ್ಕ. ನಗು ಎಲ್ಲಿಂದ ಬಂತೋ. "ಅಯ್ಯೋ, ಅವಳಿಗೆ ಈಗ ಎಲ್ಲಾ ನಾನೇ ಅನ್ನೋ ವಯಸ್ಸು," ಅಂದ. "ಬೀದೀಲಿ ನಾಯಿ ಮಾಡಿದ್ರೂ ನಾನೇ ಮಾಡ್ದೆ ಅಂತಾಳೆ."

ಅವಳಿಗಳ ತಾಯಿ ಗೊಳ್ಳನೆ ನಕ್ಕಳು. ಮ್ಯಾನೇಜರೂ ನಕ್ಕ. ಮಗಳು ಕೂಡ, ಬೆಳಿಗ್ಗೆಯಿಂದ ಮೊದಲ ಸಲ ಇರಬೇಕು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅಜ್ಜಿ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಹೊತ್ತಿಕೊಂಡದ್ದು ಆರಿತು. ಆಮೇಲೆ ಎಲ್ಲರೂ ನಗುತ್ತಿದ್ದಾರಲ್ಲ ಎಂದು ಅವಳೂ, ಸ್ವಲ್ಪ ತಡವಾಗಿ, ನಕ್ಕಳು. "ಜಾಣೆ," ಎಂದು ಪುಟ್ಟಿಯ ಗಲ್ಲ ಮುಟ್ಟಲು ಕೈ ಚಾಚಿದವಳು ನಡುವೆಯೇ ಕೈ ಹಿಂದಕ್ಕೆ ತೆಗೆದುಕೊಂಡಳು, ತನ್ನ ಕೈ ಶುದ್ಧವೋ ಅಲ್ಲವೋ ಎಂದು ನೆನಪಾದವಳ ಹಾಗೆ. ಮಗಳು ಬಂದು ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. ಅವರಿಬ್ಬರೂ ಹಜಾರದ ಉದ್ದಕ್ಕೂ ನಡೆದುಹೋಗುವುದನ್ನು ಅವನು ಕೂತೇ ನೋಡಿದ. ನೆಲದ ಮೇಲೆ ಅವಳಿಗೆ ಒಂದೊಂದು ಹೆಜ್ಜೆಯೂ ಕಷ್ಟವಾಗುತ್ತಿತ್ತು. ಈಗಲೂ ಕೂಗಬಹುದಿತ್ತು, ಬಾಗಿಲು ಮುಚ್ಚಿಕೊಳ್ಳುವವರೆಗೂ ಕೂಗಬಹುದಿತ್ತು. ಮೊದಲನೆಯ ಸಲ ಹೆದರಿಕೆಯಿಂದ ಸುಳ್ಳಾಡಿದೆ ಎಂದಾದರೂ ಹೇಳಿಕೊಳ್ಳಬಹುದು. ಎರಡನೆಯದಕ್ಕೆ ಹೇಳಿಕೊಳ್ಳಲು ಏನೂ ಇರಲಿಲ್ಲ. ಅವಳ ಮುಖ ನೋಡಿ, ಏನನ್ನು ಕಿತ್ತುಕೊಳ್ಳುತ್ತಿದ್ದೇನೆ ಎಂದು ಚೆನ್ನಾಗಿ ನೋಡಿ, ಕಿತ್ತುಕೊಂಡಿದ್ದ.

ಬಸ್ಸು ತಡವಾಗಿ ಬಂತು. ಕಿಟಕಿಯ ಪಕ್ಕದ ಸೀಟು ಸಿಕ್ಕಿತು, ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡ. ಅವಳ ಕೂದಲಿನಿಂದ ಕ್ಲೋರಿನ್ ವಾಸನೆ ಬರುತ್ತಿತ್ತು. ಹೊರಗೆ ಅಂಗಡಿಗಳು, ಸಿಮೆಂಟಿನ ಕಂಬಗಳು, ಒಂದು ಮೋರಿ, ಮತ್ತೆ ಅಂಗಡಿಗಳು. ಸಂಜೆ ಹೆಂಡತಿ ಚಪ್ಪಲಿ ಬಿಡುತ್ತಾ ಹೇಗಿತ್ತು ಎಂದು ಕೇಳುತ್ತಾಳೆ. ಮಗು ಹೇಳುತ್ತದೆ. ಹೆಂಡತಿ ಮ್ಯಾನೇಜರಲ್ಲ, ಅವಳಿಗಳ ತಾಯಿಯಲ್ಲ, ನಕ್ಕು ಬಿಟ್ಟುಬಿಡುವುದಿಲ್ಲ. ಕಪಾಟು ತೆಗೆದು ಮೀನಿನ ಚಿತ್ರದ್ದು ಅಲ್ಲೇ ಇರುವುದನ್ನು ನೋಡುತ್ತಾಳೆ, ಏನೂ ಅನ್ನದೆ ಬಾಗಿಲು ಮುಚ್ಚುತ್ತಾಳೆ, ಆಮೇಲೆ ಪಾತ್ರೆ ತೊಳೆದದ್ದಕ್ಕೆ ಥ್ಯಾಂಕ್ಸ್ ಹೇಳುತ್ತಾಳೆ. ಅದನ್ನು ಅವನು ತಡೆದುಕೊಳ್ಳಲಾರ.

"ಅಪ್ಪ," ಎಂದಳು ಪುಟ್ಟಿ, ಕಿಟಕಿಯ ಗಾಜಿನ ಮೇಲೆ ಬೆರಳಾಡಿಸುತ್ತಾ. "ನಾನು ಮಾಡ್ದೆ ಅಲ್ವಾ? ನೀರಲ್ಲಿ?"

"ಇಲ್ಲ ಪುಟ್ಟಿ."

ಅವಳು ತಿರುಗಿ ನೋಡಿದಳು. "ನಾನು ಮಾಡ್ದೆ. ಬಂತು ಅಂದೆ."

"ಇಲ್ಲಮ್ಮ. ನೀನು ಮಾಡ್ಲಿಲ್ಲ." ಅವನ ಧ್ವನಿ ಮೃದುವಾಗಿತ್ತು, ಬಚ್ಚಲುಮನೆಯ ನೆಲದಲ್ಲಿ ಕೂತು ಕಥೆ ಹೇಳುತ್ತಿದ್ದಾಗಿನ ಧ್ವನಿಯೇ ಅದು. "ನಿಂಗೆ ಹಾಗೆ ಅನ್ನಿಸ್ತು ಅಷ್ಟೆ. ಅಜ್ಜಿ ಮಾಡಿದ್ದು ಅದು. ಅಮ್ಮ ಕೇಳಿದ್ರೆ ಹಾಗೇ ಹೇಳ್ಬೇಕು, ಆಯ್ತಾ? ಅಜ್ಜಿ ಮಾಡಿದ್ದು."

ಪುಟ್ಟಿ ತನ್ನ ಹೊಟ್ಟೆಯನ್ನು ನೋಡಿಕೊಂಡಳು. ಅಂಗಿ ಎತ್ತಿ ಹೊಕ್ಕುಳ ನೋಡಿದಳು. ಏನೋ ಕೇಳುವುದಿತ್ತು, ಯಾರನ್ನು ಕೇಳಬೇಕೆಂದು ತಿಳಿಯದೆ ಅಂಗಿ ಇಳಿಸಿದಳು. "ಅಜ್ಜಿ ಮಾಡಿದ್ದು," ಎಂದಳು ನಿಧಾನಕ್ಕೆ. ಅಪ್ಪ ಹೇಳಿದ್ದನ್ನು ಅವಳು ಯಾವಾಗಲೂ ನಂಬುತ್ತಾಳೆ. ಅವನು ಅವಳ ಒದ್ದೆ ತಲೆಗೆ ಮುತ್ತಿಟ್ಟು ಕಣ್ಣು ಮುಚ್ಚಿಕೊಂಡ.

ಎಷ್ಟು ಹೊತ್ತು ಹಾಗಿದ್ದನೋ. ತೊಡೆಯ ಮೇಲೆ ಬಿಸಿ ಹರಡುತ್ತಿದ್ದದ್ದು ಮೊದಲು ಬಿಸಿಲು ಅನ್ನಿಸಿತು. ಆಮೇಲೆ ಅದು ಪ್ಯಾಂಟಿನೊಳಕ್ಕೆ ಇಳಿದು, ಸೀಟಿನ ರೆಕ್ಸಿನ್ ಮೇಲೆ ಹರಿದು, ಅಂಚಿನಿಂದ ತೊಟ್ಟಿಕ್ಕತೊಡಗಿತು. ಪಕ್ಕದಲ್ಲಿ ನಿಂತಿದ್ದವರೊಬ್ಬರು ಕಾಲು ಹಿಂದಕ್ಕೆ ಎಳೆದುಕೊಂಡರು. ಈ ಕೆಲವು ವಾರಗಳಲ್ಲಿ ಒಂದು ಸಲವೂ ಹೀಗಾಗಿರಲಿಲ್ಲ. "ಪುಟ್ಟಿ, ಬಂತು ಅಂತ ಹೇಳ್ಬೇಕಲ್ವಾ?" ಎಂದು ಕೇಳುತ್ತಾ ಅವಳ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡ. ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳ ಕಳ್ಳನೋಟ ಅಲ್ಲಿರಲಿಲ್ಲ. ಅಳುವೂ ಇರಲಿಲ್ಲ. ಅವಳು ಒದ್ದೆಯಾದ ತನ್ನ ಚಡ್ಡಿಯನ್ನು, ಅವನ ಪ್ಯಾಂಟನ್ನು, ನೆಲದ ಮೇಲೆ ಹರಿದು ಹೋಗುತ್ತಿದ್ದ ಸಣ್ಣ ಗೆರೆಯನ್ನು ನೋಡಿ, ಗೊತ್ತಿಲ್ಲದ್ದನ್ನು ಗೊತ್ತಿರುವವರ ಹತ್ತಿರ ಕೇಳುವ ಹಾಗೆ ಕೇಳಿದಳು:

"ಇದು ನಾನಾ ಅಪ್ಪ?"